ಸೋದರಮಾವನ ನಾಡಿನಲ್ಲಿ ಒಂದು ಇಲಿ

ಓದುಗರ ಪ್ರಶ್ನೆ, ಹಳೆಯ ನಾವಿಕನ ಉತ್ತರ

ಹೋದ ತಿಂಗಳ ಅಂಕಣದ ಕೊನೆಯಲ್ಲಿ ಒಂದಿಷ್ಟು ಜಾಗ ಉಳಿಯಿತೆಂದು ನಾಲ್ಕು ಸಾಲು ಸೇರಿಸಿದ್ದೆ. ಅಲಾಸ್ಕಾದ ಸೇಂಟ್ ಪಾಲ್ ದ್ವೀಪದಲ್ಲಿ 2024ರ ಜೂನ್ ತಿಂಗಳಲ್ಲಿ ಒಬ್ಬರು ‘ಇಲಿಯೊಂದನ್ನು ಕಂಡೆ’ ಎಂದರು, ಆ ಒಂದು ಇಲಿಗಾಗಿ ತಿಂಗಳುಗಟ್ಟಲೆ ಹುಡುಕಾಟ ನಡೆಯಿತು ಎಂದು. ನನಗೆ ಸಾಮಾನ್ಯವಾಗಿ ಬರುವುದು ‘ಮಗನನ್ನು ಮರ್ಚೆಂಟ್ ನೇವಿಗೆ ಸೇರಿಸಲು ಎಷ್ಟು ಅಂಕ ಬೇಕು’, ‘ಹಡಗಿನಲ್ಲಿ ಸಸ್ಯಾಹಾರ ಸಿಗುತ್ತದೆಯೇ’ ಎಂಬಂತಹ ಪತ್ರಗಳು. ಈ ಸಲ ಡೊಂಬಿವಲಿಯ ನನ್ನ ಮನೆಗೆ ಬಂದ ಕಟ್ಟಿನಲ್ಲಿ ಮುಕ್ಕಾಲು ಪಾಲು ಇಲಿಯದೇ. ಹಾಗಾಗಿ ಈ ತಿಂಗಳು ಅಂಕವೂ ಇಲ್ಲ, ಸಂಬಳವೂ ಇಲ್ಲ. ಸಸ್ಯಾಹಾರ ಸಿಗುತ್ತದೆ, ಆದರೆ ದಿನವೂ ಆಲೂಗಡ್ಡೆ. ಆ ವಿಷಯ ಅಲ್ಲಿಗೆ ಮುಗಿಯಿತು.

ಪ್ರಶ್ನೆ: ನಮ್ಮ ಕಟ್ಟಡದ ಹಿಂದಿನ ಗಲ್ಲಿಯಲ್ಲಿ ಬೆಕ್ಕನ್ನೇ ಅಟ್ಟಿಸಿಕೊಂಡು ಹೋಗುವ ಇಲಿಗಳಿವೆ. ಒಂದು ಇಲಿಗಾಗಿ ತಿಂಗಳುಗಟ್ಟಲೆ ಹುಡುಕಿದರು ಎಂದರೆ ನಂಬುವುದು ಹೇಗೆ? ಹಡಗಿನವರು ಕತೆ ಕಟ್ಟುವುದರಲ್ಲಿ ನಿಸ್ಸೀಮರು ಎಂದು ನಮ್ಮ ಯಜಮಾನರು ಹೇಳುತ್ತಾರೆ.
— ಗೃಹಿಣಿ, ಮಾಟುಂಗಾ

ಉತ್ತರ: ಯಜಮಾನರು ಹೇಳುವುದು ನಿಜ, ತಾಯಿ. ಆದರೆ ಇಲಿಯ ವಿಷಯದಲ್ಲಿ ಕತೆ ಕಟ್ಟುವ ಅಗತ್ಯ ನಮಗೆ ಬರುವುದಿಲ್ಲ.

ಬೇರಿಂಗ್ ಸಮುದ್ರದ ನಡುವೆ ಪ್ರಿಬಿಲೋಫ್ ಎಂಬ ಪುಟ್ಟ ದ್ವೀಪಗಳ ಗುಂಪಿದೆ. ಜನ ಇರುವುದು ಸೇಂಟ್ ಪಾಲ್, ಸೇಂಟ್ ಜಾರ್ಜ್ ಎಂಬ ಎರಡರಲ್ಲಿ ಮಾತ್ರ. ಸೇಂಟ್ ಪಾಲ್‌ನಲ್ಲಿ ನಾನೂರರ ಆಸುಪಾಸು ಜನ. ನಿಮ್ಮ ಗಲ್ಲಿಯಲ್ಲಿ ಅದಕ್ಕಿಂತ ಹೆಚ್ಚಿದ್ದಾರು. ಅಲ್ಲಿ ಕಾಡಿಲ್ಲ, ಹುಲ್ಲು, ಮಂಜು ಮತ್ತು ಗಾಳಿ. ಬೇಸಿಗೆಯಲ್ಲಿ ಮಾತ್ರ ಕಡಿದಾದ ಬಂಡೆಗಳ ಮೇಲೆ ಲಕ್ಷಗಟ್ಟಲೆ ಕಡಲಹಕ್ಕಿಗಳು ಬಂದು ಕೂರುತ್ತವೆ. ಮರ್ ಎಂಬ ಹಕ್ಕಿ ಗೂಡನ್ನೇ ಕಟ್ಟುವುದಿಲ್ಲ. ಚಪ್ಪಲಿ ಇಡುವ ಹಲಗೆಯಷ್ಟು ಅಗಲದ ಬಂಡೆಯಂಚಿನಲ್ಲಿ ಒಂದೇ ಒಂದು ಮೊಟ್ಟೆ ಇಟ್ಟು ಅದರ ಮೇಲೆ ಕೂರುತ್ತದೆ. ಆಕ್ಲೆಟ್ ಎಂಬ ಇನ್ನೊಂದು ಹಕ್ಕಿ ಬಂಡೆಯ ಸಂದಿಯಲ್ಲಿ ಮೊಟ್ಟೆ ಇಡುತ್ತದೆ. ಒಮ್ಮೆ ರಾತ್ರಿಪಾಳಿಯಲ್ಲಿ ನಮ್ಮ ಹಡಗಿನ ದೀಪಕ್ಕೆ ಕಂಗೆಟ್ಟು ಒಂದು ಆಕ್ಲೆಟ್ ಡೆಕ್ಕಿನ ಮೇಲೆ ಬಿದ್ದಿತ್ತು. ಹಣೆಯ ಮೇಲೆ ಮುಂದಕ್ಕೆ ಬಾಗಿದ ಕರಿ ಜುಟ್ಟು, ಕಿತ್ತಳೆ ಬಣ್ಣದ ಕೊಕ್ಕು. ಕೈಗೆತ್ತಿಕೊಂಡರೆ ಕಿತ್ತಳೆ ಹಣ್ಣಿನ ಸಿಪ್ಪೆ ಸುಲಿದಂತಹ ವಾಸನೆ! ಅಡುಗೆಯವನ ಚೇಷ್ಟೆ ಎಂದುಕೊಂಡೆ. ಆ ಹಕ್ಕಿಯ ಮೈವಾಸನೆಯೇ ಅದು ಎಂದು ತಿಳಿದದ್ದು ಆಮೇಲೆ. ಬೆಳಕು ಹರಿಯುವ ತನಕ ರಟ್ಟಿನ ಪೆಟ್ಟಿಗೆಯಲ್ಲಿಟ್ಟು ಬಿಟ್ಟೆ. ಅಂಗೈಗೆ ಎರಡು ದಿನ ವಾಸನೆ ಇತ್ತು.

ಇಂತಹ ಹಕ್ಕಿಗಳಿಗೆ ಇಲಿ ಎಂದರೆ ಏನೆಂದು ಗೊತ್ತಿಲ್ಲ. ಹುಟ್ಟಿದಂದಿನಿಂದ ನರಿಗೆ ಸಿಗದ ಜಾಗ ಹುಡುಕಿಕೊಂಡು ಬದುಕಿದವು. ಸಂದಿಗೊಂದಿಯಲ್ಲಿ ನುಸುಳಿ ಬರುವ ಶತ್ರುವನ್ನು ಅವು ಕಂಡಿಲ್ಲ. ಒಂದು ಬಸುರಿ ಇಲಿ ದಡ ಸೇರಿದರೆ ಸಾಕು. ಅದಕ್ಕೇ ಆ 2024ರ ಹುಡುಕಾಟ: ಮನೆಯ ಮೆಟ್ಟಿಲ ಕೆಳಗೆ ತೆವಳಿದರು, ಹುಲ್ಲಿನಲ್ಲಿ ಮಂಡಿಯೂರಿ ಹಿಕ್ಕೆ ಹುಡುಕಿದರು, ಬೋನಿಗೆ ಕಡಲೆಬೀಜದ ಬೆಣ್ಣೆ ಸವರಿದರು, ಕ್ಯಾಮೆರಾ ಇಟ್ಟರು. ಇಲಿ ಮೂಸುವ ನಾಯಿಯನ್ನು ತರಿಸೋಣ ಎಂದರೆ ಅದಕ್ಕೂ ವಿಶೇಷ ಅನುಮತಿ ಬೇಕು. ಸೀಲ್ ಪ್ರಾಣಿಗಳ ರಕ್ಷಣೆಗೆಂದು ಆ ದ್ವೀಪಗಳಿಗೆ ನಾಯಿ ತರುವುದನ್ನೇ ನಿಷೇಧಿಸಿದ್ದಾರೆ.

ಇಷ್ಟೊಂದು ಗಾಬರಿ ಏಕೆಂದರೆ, ಇಲಿ ಹೊಕ್ಕ ದ್ವೀಪ ಏನಾಗುತ್ತದೆ ಎಂಬುದನ್ನು ಅವರು ಪಕ್ಕದ ಅಲ್ಯೂಷಿಯನ್ ಸಾಲಿನಲ್ಲೇ ನೋಡಿದ್ದಾರೆ. 1780ರ ದಶಕದಲ್ಲಿ ಒಂದು ಜಪಾನೀ ಹಡಗು ಒಡೆದು ಅದರ ಇಲಿಗಳು ಒಂದು ದ್ವೀಪ ಹತ್ತಿದವು. ಕಡಲಹಕ್ಕಿಗಳ ಸದ್ದಡಗಿ, ಕೊನೆಗೆ ಆ ದ್ವೀಪದ ಹೆಸರೇ ‘ರ್‍ಯಾಟ್ ಐಲೆಂಡ್’ ಎಂದಾಯಿತು. 2008ರಲ್ಲಿ ಹೆಲಿಕಾಪ್ಟರಿನಿಂದ ವಿಷದ ಕಾಳು ಚೆಲ್ಲಿ ಇಲಿಗಳನ್ನು ನಿರ್ಮೂಲ ಮಾಡಿದರು. ಹಕ್ಕಿಗಳು ಮರಳಿದವು. 2012ರಲ್ಲಿ ದ್ವೀಪಕ್ಕೆ ಅಲ್ಲಿನ ಮೂಲನಿವಾಸಿಗಳ ಹಳೆಯ ಹೆಸರು ‘ಹವಾಡಾಕ್ಸ್’ ಎಂಬುದನ್ನೇ ಮತ್ತೆ ಇಟ್ಟರು. ಆದರೆ ಈ ಕತೆಯನ್ನು ಹೇಳುವವರು ಅರ್ಧ ನುಂಗುವುದುಂಟು: ಆ ವಿಷದಿಂದ 46 ಬಿಳಿತಲೆಯ ಹದ್ದುಗಳೂ ಮುನ್ನೂರಕ್ಕೂ ಹೆಚ್ಚು ಗಲ್ ಹಕ್ಕಿಗಳೂ ಸತ್ತವು. ಇಲಿಗೆ ಹೆದರಿ ಮನೆಗೆ ಬೆಂಕಿ ಇಟ್ಟ ಗಾದೆಯಷ್ಟು ಕೆಟ್ಟದ್ದೇನೂ ಆಗಲಿಲ್ಲ, ಆದರೂ ಮನೆಯ ಒಂದು ಮೂಲೆ ಸುಟ್ಟಿತು. ಬಂದ ಮೇಲೆ ಓಡಿಸುವುದಕ್ಕಿಂತ ಬಾರದಂತೆ ನೋಡಿಕೊಳ್ಳುವುದು ಅಗ್ಗ ಎಂದು ಸೇಂಟ್ ಪಾಲ್‌ನವರು ಬಂದರಿನ ಸುತ್ತ ವರ್ಷವಿಡೀ ಬೋನು ಇಟ್ಟುಕೊಂಡೇ ಇರುತ್ತಾರೆ.

ಇನ್ನು ನನ್ನದೇ ಒಂದು ತಪ್ಪೊಪ್ಪಿಗೆ ಇದೆ. ಹಡಗನ್ನು ದಡಕ್ಕೆ ಕಟ್ಟಿದ ಹಗ್ಗಗಳ ಮೇಲೆ ದುಂಡನೆಯ ತಗಡಿನ ತಟ್ಟೆಗಳನ್ನು ನೀವು ಬಂದರಿನಲ್ಲಿ ನೋಡಿರಬಹುದು. ಹಗ್ಗದ ಮೇಲೆ ಸರ್ಕಸ್ ಮಾಡಿಕೊಂಡು ಬರುವ ಇಲಿಗೆ ಅದು ಅಡ್ಡ. ಕಟ್ಟುವಾಗ ಹಗ್ಗಕ್ಕೂ ತಟ್ಟೆಗೂ ನಡುವೆ ಸಂದು ಉಳಿದರೆ ತಟ್ಟೆ ಇದ್ದೂ ಇಲ್ಲದಂತೆ. 1994ರಲ್ಲಿ ನಾನು ಸೆಕೆಂಡ್ ಆಫೀಸರ್. ಖಲಾಸಿಯೊಬ್ಬನಿಗೆ ಅಪೆಂಡಿಕ್ಸ್ ಕೆಟ್ಟು ನಮ್ಮ ಹಡಗು ಅಲ್ಯೂಷಿಯನ್ ದ್ವೀಪಗಳ ಡಚ್ ಹಾರ್ಬರ್‌ಗೆ ಹೋಗಬೇಕಾಯಿತು. ರಾತ್ರಿ ಹನ್ನೊಂದು, ಚಳಿ, ಎಲ್ಲರಿಗೂ ಸುಸ್ತು. ಖಲಾಸಿಗಳ ಮುಖಂಡ, ಅಂದರೆ ನಮ್ಮ ಸಾರಂಗ, ‘ತಟ್ಟೆ ಹಾಕಿದೆ ಸಾಹೇಬರೇ’ ಎಂದ. ನಾನು ಹೋಗಿ ನೋಡದೆ ಲಾಗ್ ಪುಸ್ತಕದಲ್ಲಿ ‘ಸರಿಯಾಗಿದೆ’ ಎಂದು ಬರೆದೆ.

ಬೆಳಗ್ಗೆ ಎದ್ದು ಬಂದರೆ ಧಕ್ಕೆಯ ಮೇಲೆ ಐವತ್ತರ ಪ್ರಾಯದ ಒಬ್ಬ ಮನುಷ್ಯ ನಮ್ಮ ತಟ್ಟೆಗಳನ್ನು ಒಂದೊಂದಾಗಿ ಬಿಚ್ಚಿ ಮತ್ತೆ ಕಟ್ಟುತ್ತಿದ್ದ. ಹಳೆಯ ಗೋಣಿಬಟ್ಟೆ ಹರಿದು ಸಂದಿಗೆ ತುರುಕುತ್ತಿದ್ದ. ನಮ್ಮ ಕಡೆ ಬುಟ್ಟಿಯ ತೂತನ್ನು ಮುಚ್ಚುವ ಅಜ್ಜಿಯಂತೆ, ಯಾವ ಅವಸರವೂ ಇಲ್ಲ. ಸೇಂಟ್ ಪಾಲ್‌ನವನು, ದುಡಿಮೆಗೆಂದು ಇಲ್ಲಿಗೆ ಬಂದವನು. ಡಚ್ ಹಾರ್ಬರ್‌ಗೆ ಇಲಿ ಬಂದು ಯಾವುದೋ ಕಾಲವಾಗಿತ್ತು. ಅವನ ಊರಿಗೆ ಮಾತ್ರ ಬಂದಿರಲಿಲ್ಲ. ಎಲ್ಲಿಂದ ಬಂದಿರಿ ಎಂದು ಕೇಳಿದ. ಬಾಂಬೆ ಎಂದೆ. ‘ಅಲ್ಲಿ ಇಲಿ ಇದೆಯೇ?’ ಎಂದ. ನಾನು ನಕ್ಕುಬಿಟ್ಟೆ. ರಾತ್ರಿ ಕೋಲು, ಟಾರ್ಚು ಹಿಡಿದು ಇಲಿ ಹೊಡೆಯುವುದೇ ನೌಕರಿಯಾದವರು ಇರುವ ಊರು ನಮ್ಮದು! ಅವನು ನಗಲಿಲ್ಲ. ಮುಂದಿನ ಹಗ್ಗಕ್ಕೆ ಹೋದ.

ಪ್ರಶ್ನೆ: ಆ ದ್ವೀಪಗಳ ಅಲ್ಯೂಟ್ ಜನ ಸೀಲ್‌ಗಳನ್ನು ಕೊಂದೇ ಬದುಕಿದವರು ಎಂದು ಓದಿದ್ದೇನೆ. ಈಗ ಆ ಪ್ರಾಣಿಗಳ ರಕ್ಷಣೆಯನ್ನು ಅವರಿಗೇ ಒಪ್ಪಿಸುವುದು ಬೆಕ್ಕನ್ನು ಹಾಲಿಗೆ ಕಾವಲಿಟ್ಟಂತೆ ಅಲ್ಲವೇ?
— ಪದವಿ ವಿದ್ಯಾರ್ಥಿನಿ, ನವಿ ಮುಂಬಯಿ

ಉತ್ತರ: ಪ್ರಶ್ನೆ ಚೂಪಾಗಿದೆ ತಂಗಿ, ಆದರೆ ಹಾಲು ಕುಡಿದದ್ದು ಯಾರು ಎಂಬುದನ್ನು ಮೊದಲು ನೋಡೋಣ.

‘ಅಲ್ಯೂಟ್’ ಎಂಬುದು ರಷ್ಯನ್ನರು ಇಟ್ಟ ಹೆಸರು. ಅವರು ತಮ್ಮನ್ನು ಕರೆದುಕೊಳ್ಳುವುದು ಉನಾಂಗನ್ ಎಂದು. ಪ್ರಿಬಿಲೋಫ್ ಎಂಬುದೂ 1786ರಲ್ಲಿ ಅಲ್ಲಿಗೆ ಬಂದ ರಷ್ಯನ್ ನಾವಿಕನ ಹೆಸರು. ಉನಾಂಗನ್ನರಲ್ಲಿ ಅದಕ್ಕೂ ಹಿಂದಿನ ಕತೆಯಿದೆ: ಬಿರುಗಾಳಿಗೆ ಸಿಕ್ಕ ನಾಯಕನ ಮಗನೊಬ್ಬ ದೋಣಿಯಲ್ಲಿ ತೇಲಿಹೋಗಿ ಸೀಲ್‌ಗಳು ಗಿಜಿಗುಡುವ ಆ ದ್ವೀಪಗಳನ್ನು ಕಂಡು ಬಂದನಂತೆ. ಅವರು ಅದನ್ನು ಕರೆದದ್ದು ‘ಅಮಿಕ್’ ಎಂದು. ತಾಯಿಯ ಅಣ್ಣತಮ್ಮಂದಿರ ನಾಡು ಎಂದು ಅದರ ಅರ್ಥ ಹೇಳುತ್ತಾರೆ. ಹೆಜಮಾಡಿಯ ಮೊಗವೀರರ ಮನೆಯಲ್ಲಿ, ಅಳಿಯಕಟ್ಟಿನಲ್ಲಿ ಬೆಳೆದ ನನಗೆ ಇದನ್ನು ಮೊದಲು ಓದಿದಾಗ ಮೈ ಜುಮ್ಮೆಂದಿತು. ನಮ್ಮಲ್ಲಿ ಮನೆಯ ಯಜಮಾನಿಕೆ ಅಪ್ಪನದಲ್ಲ, ಸೋದರಮಾವನದು. ಬಲೆಯ ಪಾಲು ಹಂಚುವವನೂ ಅವನೇ, ಕಿವಿ ಹಿಂಡುವವನೂ ಅವನೇ. ಸೋದರಮಾವನ ನಾಡು ಎಂದು ಹೆಸರಿಟ್ಟವರು ಅದನ್ನು ಯಾರೂ ಇಲ್ಲದ ಬರಡು ದ್ವೀಪ ಎಂದು ಭಾವಿಸಿರಲಿಲ್ಲ.

ಆದರೆ ಅಲ್ಲಿ ಊರು ಮಾಡಿದ್ದು ಅವರ ಇಚ್ಛೆಯಿಂದಲ್ಲ. ಸೀಲ್ ಹೊಡೆದು ಚರ್ಮ ಸುಲಿಯಲು ರಷ್ಯನ್ನರು ಅವರನ್ನು ಅಲ್ಯೂಷಿಯನ್ ದ್ವೀಪಗಳಿಂದ ಹಿಡಿದು ತಂದರು. 1867ರಲ್ಲಿ ಅಮೆರಿಕ 72 ಲಕ್ಷ ಡಾಲರಿಗೆ ಅಲಾಸ್ಕಾವನ್ನು ಕೊಂಡುಕೊಂಡಿತು. ಯಜಮಾನ ಬದಲಾದ, ಕೆಲಸ ಬದಲಾಗಲಿಲ್ಲ. ಚರ್ಮ ಹೋಗುತ್ತಿದ್ದದ್ದು ದೊಡ್ಡ ಪಟ್ಟಣಗಳ ಸಿರಿವಂತರ ಕೋಟುಗಳಿಗೆ. ನಡುಗಡಲಿನಲ್ಲಿ ಸೀಲ್ ಬೇಟೆ ಮಿತಿಮೀರಿ ಸಂತತಿ ನೆಲಕಚ್ಚಿದಾಗ 1911ರಲ್ಲಿ ಅಮೆರಿಕ, ರಷ್ಯಾ, ಜಪಾನ್, ಬ್ರಿಟನ್ ಕೂತು ಒಪ್ಪಂದ ಮಾಡಿಕೊಂಡವು. ಕಾಡುಜೀವಿಗಳಿಗಾಗಿ ಆದ ಮೊದಲ ಅಂತರರಾಷ್ಟ್ರೀಯ ಒಪ್ಪಂದಗಳಲ್ಲಿ ಅದೂ ಒಂದು. ಆ ಮೇಜಿನ ಸುತ್ತ ಉನಾಂಗನ್ನರು ಇರಲಿಲ್ಲ.

1942ರಲ್ಲಿ ಜಪಾನ್ ಡಚ್ ಹಾರ್ಬರ್ ಮೇಲೆ ಬಾಂಬು ಹಾಕಿತು. ಅಮೆರಿಕ ಸರ್ಕಾರ 881 ಉನಾಂಗನ್ನರನ್ನು ‘ರಕ್ಷಣೆಗಾಗಿ’ ಆಗ್ನೇಯ ಅಲಾಸ್ಕಾಕ್ಕೆ ಸಾಗಿಸಿತು. ಸೇಂಟ್ ಪಾಲ್‌ನವರಿಗೆ ಸಿಕ್ಕಿದ್ದು ಫಂಟರ್ ಕೊಲ್ಲಿಯಲ್ಲಿ ಪಾಳುಬಿದ್ದ ಮೀನಿನ ಕಾರ್ಖಾನೆ. ಮರವೇ ಕಾಣದ ಬಯಲು ದ್ವೀಪದ ಜನ ದಟ್ಟ ಕಾಡಿನ ತೇವದಲ್ಲಿ, ಕೊಳಕು ನೀರು ಕುಡಿದು, ಹತ್ತರಲ್ಲಿ ಒಬ್ಬರಂತೆ ಸತ್ತರು. 1943ರ ಬೇಸಿಗೆಯಲ್ಲಿ ಗಂಡಸರನ್ನು ಮತ್ತೆ ದ್ವೀಪಕ್ಕೆ ಕರೆತಂದರು. ಯಾಕೆ ಗೊತ್ತೇ? ಸೀಲ್ ಹೊಡೆಯಲು. ಯುದ್ಧವಾದರೂ ಚರ್ಮದ ಲೆಕ್ಕ ತಪ್ಪಬಾರದಲ್ಲ! ಇದಕ್ಕೆ ಕ್ಷಮಾಪಣೆ, ಪರಿಹಾರದ ಕಾನೂನು ಬಂದದ್ದು 1988ರಲ್ಲಿ.

ಸೇಂಟ್ ಪಾಲ್‌ನಲ್ಲಿ ಚರ್ಮದ ವ್ಯಾಪಾರಕ್ಕಾಗಿ ಸೀಲ್ ಹೊಡೆಯುವುದು ನಿಂತದ್ದು 1984ರಲ್ಲಿ. ಈಗ ಊಟಕ್ಕೆ ಬೇಕಾದಷ್ಟನ್ನು ಮಾತ್ರ ಹೊಡೆಯುತ್ತಾರೆ. 2000ದಲ್ಲಿ ದ್ವೀಪದ ಬುಡಕಟ್ಟು ಸರ್ಕಾರಕ್ಕೂ ಅಮೆರಿಕದ ಕೇಂದ್ರ ಸರ್ಕಾರಕ್ಕೂ ಒಪ್ಪಂದವಾಯಿತು: ಫರ್ ಸೀಲ್, ಕಡಲಸಿಂಹಗಳ ನಿರ್ವಹಣೆಯನ್ನು ಇಬ್ಬರೂ ಸೇರಿ ಮಾಡುವುದು. ಈ ಬುಡಕಟ್ಟು ಸರ್ಕಾರಕ್ಕೆ ತನ್ನದೇ ಪರಿಸರ ಸಂರಕ್ಷಣಾ ಕಚೇರಿ ಇದೆ, ಊರಿನವರೇ ಕಾವಲುಗಾರರು. ಬಲೆಯ ತುಂಡು ಕೊರಳಿಗೆ ಸಿಕ್ಕಿಕೊಂಡ ಸೀಲ್ ಮರಿಯನ್ನು ಹಿಡಿದು ಬಿಡಿಸುವುದೂ ಅವರ ಕೆಲಸ.

ಕಾವಲು ಎಂದರೆ ಏನೆಂಬುದಕ್ಕೆ ಒಂದು ಉದಾಹರಣೆ ಕೊಡುತ್ತೇನೆ. 2016ರ ಅಕ್ಟೋಬರ್‌ನಲ್ಲಿ ಸೇಂಟ್ ಪಾಲ್‌ನ ಮರಳಿನ ಮೇಲೆ ಪಫಿನ್ ಹಕ್ಕಿಗಳ ಹೆಣ ಬಂದು ಬೀಳತೊಡಗಿತು. ಆ ಕಾಲದಲ್ಲಿ ಪಫಿನ್‌ಗಳು ಅಲ್ಲಿ ಇರುವುದೇ ಅಪರೂಪ. ಅದು ಸರಿಯಲ್ಲ ಎಂದು ಗುರುತಿಸಲು ಊರಿನವನೇ ಬೇಕು. ಆ ಚಳಿಯಲ್ಲಿ ದಿನವೂ ದಡದುದ್ದ ನಡೆದು, ಜನವರಿ ತನಕ 350ಕ್ಕೂ ಹೆಚ್ಚು ಹೆಣಗಳನ್ನು ಎಣಿಸಿ, ಅಳತೆ ಮಾಡಿ ಬರೆದಿಟ್ಟರು. ಎದೆಯ ಮೂಳೆ ಚಾಕುವಿನ ಅಲಗಿನಂತೆ ಎದ್ದು ನಿಂತಿತ್ತು: ಹೊಟ್ಟೆಗಿಲ್ಲದೆ ಸತ್ತವು. ಕಡಲು ಬಿಸಿಯಾಗಿ ಅವುಗಳ ಮೇವಿನ ಮೀನು ಕಡಿಮೆಯಾಗಿತ್ತು. ಆ ಎಣಿಕೆಯ ಆಧಾರದಿಂದಲೇ ವಿಜ್ಞಾನಿಗಳು ಒಟ್ಟು ಸತ್ತದ್ದು ಮೂರು ಸಾವಿರಕ್ಕೂ ಮೇಲೆ, ಎಂಟೂವರೆ ಸಾವಿರದ ತನಕ ಇರಬಹುದೆಂದು ಲೆಕ್ಕ ಹಾಕಿದರು. ದೊಡ್ಡ ಪಟ್ಟಣದಲ್ಲಿ ಕುಳಿತವರಿಗೆ ಆ ಮೊದಲ ಹೆಣ ಕಾಣುತ್ತಲೇ ಇರಲಿಲ್ಲ.

ಪ್ರಶ್ನೆ: ಸಂರಕ್ಷಣೆ ಎಂದು ಬಂದವರೆಲ್ಲ ಕೊನೆಗೆ ಬಡ ಮೀನುಗಾರನ ಬಲೆಯನ್ನೇ ಕಿತ್ತುಕೊಳ್ಳುತ್ತಾರೆ. ನೀವೂ ಮೊಗವೀರರೇ. ನಿಮ್ಮವರ ಹೊಟ್ಟೆಯ ಬಗ್ಗೆ ಬರೆಯುವುದು ಬಿಟ್ಟು ಹಕ್ಕಿಯ ಬಗ್ಗೆ ಬರೆಯುತ್ತೀರಲ್ಲ?
— ಮೀನು ವ್ಯಾಪಾರಿ, ವರ್ಸೋವಾ

ಉತ್ತರ: ಅಣ್ಣ, ನಿಮ್ಮ ಸಿಟ್ಟಿಗೆ ಕಾರಣವಿದೆ. ಇಲ್ಲೇ ದಕ್ಷಿಣಕ್ಕೆ, ಮಾಲವಣದಲ್ಲಿ 1987ರಲ್ಲಿ ಕಡಲ ಅಭಯಧಾಮ ಘೋಷಿಸಿದರು. ಹವಳವಿದೆ, ಅಪರೂಪದ ಜೀವಿಗಳಿವೆ, ಕಾಪಾಡಬೇಕಾದ್ದು ನಿಜ. ಆದರೆ ಅದೇ ನೀರಿನಲ್ಲಿ ತಲೆಮಾರುಗಳಿಂದ ಬಲೆ ಬೀಸಿದವರನ್ನು ಒಪ್ಪಿಸದೆ ಗೆರೆ ಎಳೆದರು. ವಿರೋಧ ಇಷ್ಟು ವರ್ಷವಾದರೂ ತಣಿದಿಲ್ಲ. ಕಾಗದದ ಮೇಲೆ ಅಭಯಧಾಮ, ನೀರಿನ ಮೇಲೆ ಜಗಳ.

ಈಗ ಸೇಂಟ್ ಪಾಲ್ ನೋಡಿ. ಅವರೂ ಮೀನುಗಾರರೇ. ಹ್ಯಾಲಿಬಟ್ ಮೀನು ಹಿಡಿಯುತ್ತಾರೆ, ಊರಿನ ಬೊಕ್ಕಸ ನಿಂತಿದ್ದದ್ದು ಏಡಿಯ ಮೇಲೆ. 2018, 2019ರಲ್ಲಿ ಬೇರಿಂಗ್ ಸಮುದ್ರ ಬಿಸಿಯಾಯಿತು. ಸ್ನೋ ಕ್ರ್ಯಾಬ್ ಎಂಬ ಏಡಿ ಸಾವಿರ ಕೋಟಿಗೂ ಹೆಚ್ಚು ಕಾಣೆಯಾಯಿತು, ಬಹುತೇಕ ಹಸಿವಿನಿಂದ ಸತ್ತು. 2022ರಲ್ಲಿ ಚರಿತ್ರೆಯಲ್ಲೇ ಮೊದಲ ಬಾರಿಗೆ ಆ ಏಡಿಯ ಹಂಗಾಮನ್ನು ರದ್ದುಪಡಿಸಿದರು. ಮತ್ಸ್ಯಕ್ಷಾಮ ಎಂದರೆ ಏನೆಂದು ನನಗೂ ನಿಮಗೂ ಯಾರೂ ಹೇಳಿಕೊಡಬೇಕಾಗಿಲ್ಲ. ಬೂತಾಯಿ ಬಾರದ ವರ್ಷ ನಮ್ಮಪ್ಪ ಕೈರಂಪಣಿ ಬಲೆಯನ್ನು ಮಡಚಿಟ್ಟು, ಜಗಲಿಯಲ್ಲಿ ಕುಳಿತು, ಕಡಲಿನ ಕಡೆ ಬೆನ್ನು ಹಾಕಿ ಬೀಡಿ ಸೇದುತ್ತಿದ್ದದ್ದು ನನಗೆ ಇನ್ನೂ ಕಣ್ಣಿಗೆ ಕಟ್ಟಿದಂತಿದೆ.

ಅದೇ ಹೊತ್ತಿನಲ್ಲಿ ಆ ನಾನೂರು ಜನರ ಬುಡಕಟ್ಟು ಸರ್ಕಾರ ತಾನಾಗಿಯೇ ಅರ್ಜಿ ಹಾಕಿತು: ನಮ್ಮ ದ್ವೀಪಗಳ ಸುತ್ತಲ ಕಡಲನ್ನು ರಾಷ್ಟ್ರೀಯ ಅಭಯಧಾಮ ಮಾಡಿ, ಆಡಳಿತದಲ್ಲಿ ನಮಗೆ ಸಮಪಾಲು ಕೊಡಿ. ಅದಕ್ಕೆ ಅವರಿಟ್ಟ ಹೆಸರಿನ ಅರ್ಥ ‘ಕಡಲ ಹೃದಯ’. 2022ರಲ್ಲಿ ಅರ್ಜಿ ಪರಿಗಣನೆಯ ಪಟ್ಟಿಗೆ ಸೇರಿತು. ದೊಡ್ಡ ಟ್ರಾಲರ್‌ಗಳ ಉದ್ಯಮಕ್ಕೆ ಇದು ರುಚಿಸಲಿಲ್ಲ ಎಂದು ಬೇರೆ ಹೇಳಬೇಕೇ? ಮಾಲವಣದಲ್ಲಿ ಗೆರೆ ಎಳೆದದ್ದು ಮೇಲಿನವರು, ಅಲ್ಲಿ ಗೆರೆ ಎಳೆಯಿರಿ ಎಂದದ್ದು ಮೀನುಗಾರರು. ನನ್ನ ಮಾತು ಇಷ್ಟೇ.

ನಮ್ಮವರೇನು ಕಡಿಮೆಯಲ್ಲ. ಮುಂಬಯಿಯ ಕೋಸ್ಟಲ್ ರೋಡ್ ಕಟ್ಟುವಾಗ ವರ್ಲಿಯ ಬಳಿ ಎರಡು ಕಂಬಗಳ ನಡುವೆ 60 ಮೀಟರ್ ಜಾಗ ಬಿಟ್ಟಿದ್ದರು. ಗಾಳಿ, ಅಲೆ, ಸೆಳೆತ ಇರುವಾಗ ದೋಣಿ ಅಲ್ಲಿ ತೂರುವುದಿಲ್ಲ ಎಂದು ಅಲ್ಲಿನ ಮೀನುಗಾರ ಕೋಲಿ ಜನ ಪಟ್ಟು ಹಿಡಿದರು, ಕೆಲಸ ನಿಲ್ಲಿಸಿದರು. 2022ರ ಡಿಸೆಂಬರ್‌ನಲ್ಲಿ ಸರ್ಕಾರ ಅದನ್ನು 120 ಮೀಟರಿಗೆ ಒಪ್ಪಿತು. ಕಂಬ ನಿಲ್ಲಿಸುವ ಮೊದಲೇ ಒಬ್ಬ ಮುದುಕ ಕೋಲಿಯನ್ನು ಕೇಳಿದ್ದರೆ ಚಹಾ ಕುಡಿಯುವಷ್ಟರಲ್ಲಿ ಮುಗಿಯುತ್ತಿತ್ತು. ಇನ್ನು ಮಳೆಗಾಲದ 61 ದಿನ ಯಂತ್ರದೋಣಿ ಇಳಿಸಬಾರದು ಎಂಬ ಸರ್ಕಾರದ ನಿಯಮವಿದೆಯಲ್ಲ, ಅದಕ್ಕೂ ಎಷ್ಟೋ ಮೊದಲಿನಿಂದ ಕೋಲಿಗಳು ನಾರಳಿ ಪೂರ್ಣಿಮೆಗೆ, ನಮ್ಮವರು ನೂಲಹುಣ್ಣಿಮೆಗೆ ಕಡಲಿಗೆ ತೆಂಗಿನಕಾಯಿ ಬಿಟ್ಟ ಮೇಲೆಯೇ ದೋಣಿ ಇಳಿಸುತ್ತಿದ್ದರು. ನಿಮ್ಮ ಮನೆಯಲ್ಲೂ ಹಾಗೆಯೇ ಇದ್ದಿರಬೇಕು.

ಪ್ರಶ್ನೆ: ಅಲ್ಯೂಷಿಯನ್ ದ್ವೀಪಗಳಿಂದ 50 ನಾಟಿಕಲ್ ಮೈಲಿ ದೂರ ಹೋಗಬೇಕೆಂದು ನಕ್ಷೆಯಲ್ಲಿ ಗುರುತಿದೆ. ಸುತ್ತು ಹಾಕಿದರೆ ಇಂಧನ ಹೆಚ್ಚು ಖರ್ಚಾಗುತ್ತದೆ ಎಂದು ಕಂಪನಿಯವರಿಗೆ ಬೇಸರ. ನಿಮ್ಮ ಕಾಲದಲ್ಲಿ ಇದು ಇತ್ತೇ?
— ಕಿರಿಯ ಅಧಿಕಾರಿ, ಠಾಣೆ

ಉತ್ತರ: ಇರಲಿಲ್ಲ. ನಾವು ಅಮೆರಿಕದ ಪಶ್ಚಿಮ ತೀರದಿಂದ ಜಪಾನಿಗೆ ಹೋಗುವಾಗ ಯೂನಿಮಾಕ್ ಕಂಡಿಯಲ್ಲಿ ನುಗ್ಗಿ, ದ್ವೀಪಗಳಿಗೆ ಎಷ್ಟು ಹತ್ತಿರ ಬೇಕೋ ಅಷ್ಟು ಹತ್ತಿರ ಹೋಗುತ್ತಿದ್ದೆವು. ಶಿಶಾಲ್ಡಿನ್ ಜ್ವಾಲಾಮುಖಿಯ ಹೊಗೆ ನೋಡಿಕೊಂಡು ಚಹಾ ಕುಡಿಯುವುದು ಒಂದು ಸುಖ.

2004ರ ಡಿಸೆಂಬರ್‌ನಲ್ಲಿ ಸೆಲೆಂಡಾಂಗ್ ಆಯು ಎಂಬ ಹಡಗು ಸಿಯಾಟಲ್‌ನಿಂದ ಸೋಯಾ ತುಂಬಿಕೊಂಡು ಚೀನಾಕ್ಕೆ ಹೊರಟಿತ್ತು. ಎಂಜಿನ್ ನಿಂತಿತು. ಎರಡು ದಿನ ತೇಲಿ ಉನಾಲಾಸ್ಕಾ ದ್ವೀಪದ ಬಂಡೆಗೆ ಬಡಿದು ಎರಡು ಹೋಳಾಯಿತು. ಹಡಗಿನವರನ್ನು ಎತ್ತುತ್ತಿದ್ದ ಹೆಲಿಕಾಪ್ಟರಿಗೆ ಅಲೆ ಬಡಿದು ಆರು ನಾವಿಕರು ಕಡಲಪಾಲಾದರು. 12 ಲಕ್ಷ ಲೀಟರಿಗೂ ಹೆಚ್ಚು ಎಣ್ಣೆ ಹಕ್ಕಿಗಳ ನೀರಿಗೆ ಸೇರಿತು. ದೂರವಿದ್ದಿದ್ದರೆ, ಕೆಟ್ಟ ಎಂಜಿನ್ ರಿಪೇರಿಗೋ ಹಡಗನ್ನು ಎಳೆಯುವ ಟಗ್ ದೋಣಿ ಬರುವುದಕ್ಕೋ ಇನ್ನಷ್ಟು ಗಂಟೆ ಸಿಗುತ್ತಿತ್ತು. ಆ 50 ಮೈಲಿ ಎಂದರೆ ಆ ಗಂಟೆಗಳು. 2016ರ ಜನವರಿ 1ರಿಂದ ಅದು ಜಾರಿಯಲ್ಲಿದೆ. ನಿಮ್ಮ ಕಂಪನಿಯವರಿಗೆ ಬೇಸರವಾದರೆ ಆಗಲಿ. ನೀವು ಮಾತ್ರ, ನನ್ನ ಹಾಗೆ, ನೋಡದೆ ‘ಸರಿಯಾಗಿದೆ’ ಎಂದು ಬರೆಯಬೇಡಿ.

ಪ್ರಶ್ನೆ: ನಾನು ಧಾರವಾಡದ ಕಡೆಯವನು, ಗೋವಾದ ಮೊರ್ಜಿಮ್‌ನಲ್ಲಿ ಹೋಟೆಲ್ ಕೆಲಸ. ಕಡಲಾಮೆ ಮೊಟ್ಟೆ ಇಡಲು ಬಂದಾಗ ಅತಿಥಿಗಳು ಮೊಬೈಲ್ ಬೆಳಕು ಬಿಟ್ಟು ಚಿತ್ರ ತೆಗೆಯಬೇಕೆಂದು ಹಟ ಮಾಡುತ್ತಾರೆ. ಬೇಡ ಎಂದರೆ ನನ್ನ ಕೆಲಸಕ್ಕೆ ಕುತ್ತು. ಏನು ಮಾಡಲಿ?

ಉತ್ತರ: ‘ಬೇಡ’ ಎನ್ನುವ ಕೆಲಸವನ್ನು ನೀವು ಹೊತ್ತುಕೊಳ್ಳಬೇಡಿ ತಮ್ಮಾ, ದಡದಲ್ಲಿರುವ ಕಾವಲುಗಾರರನ್ನು ಕರೆಯಿರಿ. ಮೊರ್ಜಿಮ್, ಮಾಂದ್ರೆ, ಆಗೊಂದ, ಗಾಲ್ಜಿಬಾಗ್ ದಡಗಳಲ್ಲಿ ಅರಣ್ಯ ಇಲಾಖೆಯ ಜೊತೆ ಊರಿನವರೂ ಕಾವಲಿಗಿದ್ದಾರೆ. ಹಿಂದೆ ಇದೇ ಮೊಟ್ಟೆಗಳನ್ನು ಅಗೆದು ತಿನ್ನುತ್ತಿದ್ದ, ಮಾರುತ್ತಿದ್ದ ಕಾಲವಿತ್ತು. ಎಲ್ಲಿ ಅಗೆಯಬೇಕೆಂದು ಬಲ್ಲವನಿಗಿಂತ ಒಳ್ಳೆಯ ಕಾವಲುಗಾರ ಎಲ್ಲಿ ಸಿಕ್ಕಾನು? ಅತಿಥಿಗಳಿಗೆ ಇಷ್ಟು ಹೇಳಿ: ಬೆಳಕು ಕಂಡರೆ ಆಮೆ ಮೊಟ್ಟೆ ಇಡದೆ ಮರಳುತ್ತದೆ, ಮರಿಗಳು ಕಡಲೆಂದು ತಿಳಿದು ಹೋಟೆಲಿನ ದೀಪದ ಕಡೆ ನಡೆಯುತ್ತವೆ, ಕಾನೂನೂ ಇದೆ, ಜೈಲೂ ಇದೆ. ಕೊನೆಯ ಮಾತನ್ನು ಮೊದಲು ಹೇಳಿದರೆ ಬೇಗ ನಾಟುತ್ತದೆ.

ಪ್ರಶ್ನೆ: ಅಮೆರಿಕದ ಕತೆ ಸಾಕು. ನಮ್ಮ ಗ್ರೇಟ್ ನಿಕೋಬಾರ್ ಬಗ್ಗೆ ಬಾಯಿ ಬಿಡುತ್ತೀರಾ?
— ನಿವೃತ್ತ ಬ್ಯಾಂಕ್ ನೌಕರ, ಮುಲುಂಡ್

ಉತ್ತರ: ಬಿಡುತ್ತೇನೆ ರಾಯರೇ. ಬಂದರು, ವಿಮಾನ ನಿಲ್ದಾಣ, ಪಟ್ಟಣ ಎಂದು ಸುಮಾರು 130 ಚದರ ಕಿಲೋಮೀಟರ್ ಕಾಡು ಆ ದ್ವೀಪದಲ್ಲಿ ಸರ್ಕಾರ ಹಾಕಿಕೊಂಡ ಯೋಜನೆಗೆ ಹೋಗುತ್ತದೆ. ಬಂದರು ಬರುವ ಗಲಾಥಿಯಾ ಕೊಲ್ಲಿಯ ಮರಳಿಗೆ ಜಗತ್ತಿನ ಅತಿ ದೊಡ್ಡ ಕಡಲಾಮೆ ಮೊಟ್ಟೆ ಇಡಲು ಬರುತ್ತದೆ. ಅಲ್ಲಿದ್ದ ವನ್ಯಧಾಮದ ಪಟ್ಟವನ್ನು 2021ರಲ್ಲಿ ತೆಗೆದರು. ಎಲೆ, ಮರಳು ಗುಡ್ಡೆ ಹಾಕಿ ಅದರ ಬಿಸಿಯಲ್ಲೇ ಮೊಟ್ಟೆ ಮರಿಮಾಡುವ ಮೆಗಾಪೋಡ್ ಹಕ್ಕಿ ಇರುವುದೂ ಅಲ್ಲಿ. ಶೋಂಪೆನ್ ಬುಡಕಟ್ಟಿನವರು ಒಳಗಿನ ಕಾಡಿನಲ್ಲಿದ್ದಾರೆ. ನಿಕೋಬಾರಿಗಳು 2004ರ ಸುನಾಮಿಯಲ್ಲಿ ಊರು ಕಳೆದುಕೊಂಡು ಮತ್ತೆ ಅಲ್ಲಿಗೆ ಹೋಗುತ್ತೇವೆ ಎಂದು ಕೇಳುತ್ತಲೇ ಇದ್ದಾರೆ. ಅವರ ಬುಡಕಟ್ಟು ಮಂಡಳಿ 2022ರಲ್ಲಿ ಯೋಜನೆಗೆ ಒಪ್ಪಿಗೆ ಕೊಟ್ಟು, ಅದೇ ವರ್ಷ ನವೆಂಬರ್‌ನಲ್ಲಿ, ಪೂರ್ತಿ ವಿಷಯವನ್ನು ನಮಗೆ ತಿಳಿಸಿರಲಿಲ್ಲ ಎಂದು ಹಿಂದಕ್ಕೆ ಪಡೆಯಿತು. ಮಲಕ್ಕಾ ಜಲಸಂಧಿಯ ಬಾಯಲ್ಲಿ ಬಂದರು ಬೇಕೆಂಬ ವಾದ ನಾವಿಕನಾದ ನನಗೆ ಅರ್ಥವಾಗದ್ದೇನಲ್ಲ, ಆ ದಾರಿಯಲ್ಲಿ ಎಷ್ಟೋ ಸಲ ಹೋಗಿದ್ದೇನೆ. ಆದರೆ ಹಿಂದಕ್ಕೆ ಪಡೆದ ಒಪ್ಪಿಗೆಯನ್ನು ಒಪ್ಪಿಗೆ ಎಂದು ಎಣಿಸುವ ಲೆಕ್ಕ, ನೀವು ಬ್ಯಾಂಕಿನವರು, ನೀವೇ ಹೇಳಿ, ಯಾವ ಪುಸ್ತಕದಲ್ಲಿದೆ?

ಪ್ರಶ್ನೆ: ನನಗೆ ಈ ಹಕ್ಕಿಗಳನ್ನು ನೋಡಲೇಬೇಕು. ಸೇಂಟ್ ಪಾಲ್‌ಗೆ ಹೋಗಲು ಒಳ್ಳೆಯ ಪ್ಯಾಕೇಜ್ ಇದೆಯೇ?
— ಸಾಫ್ಟ್‌ವೇರ್ ಉದ್ಯೋಗಿ, ಪುಣೆ

ಉತ್ತರ: ವಿಮಾನ ಹೋಗುತ್ತದೆ, ಮಂಜು ಬಿಟ್ಟರೆ. ಬಿಡದಿದ್ದರೆ ದಿನಗಟ್ಟಲೆ ಕಾಯಬೇಕು, ನಿಮ್ಮ ರಜೆ ಅಲ್ಲಿಗೇ ಮುಗಿಯುತ್ತದೆ. ಅಲ್ಲಿಯ ತನಕ ಒಂದು ಭಾನುವಾರ ಠಾಣೆ ಖಾರಿಗೆ, ಅಂದರೆ ಇಲ್ಲಿನ ಹಿನ್ನೀರಿಗೆ, ಬಂದು ಫ್ಲೆಮಿಂಗೋ ನೋಡಿ. ದೋಣಿ ನಡೆಸುವವನ ಜೊತೆ ಮಾತನಾಡಿ, ಇಯರ್‌ಫೋನ್ ತೆಗೆದಿಟ್ಟು.

ಪ್ರಶ್ನೆ: ಆ ಇಲಿ ಕೊನೆಗೆ ಸಿಕ್ಕಿತೇ ಅಜ್ಜ? ಅದಕ್ಕೆ ಹೆಸರಿತ್ತೇ? ನಾನು ಒಂದು ಚಿತ್ರ ಬರೆದು ಕಳಿಸಿದ್ದೇನೆ.
— ಐದನೇ ತರಗತಿ, ಕನ್ನಡ ಶಾಲೆ, ಭಾಂಡುಪ್

ಉತ್ತರ: ತಿಂಗಳುಗಟ್ಟಲೆ ಹುಡುಕಿದರೂ ಒಂದು ಹಿಕ್ಕೆ ಸಿಗಲಿಲ್ಲ ಮಗು, ಹೆಜ್ಜೆಗುರುತೂ ಇಲ್ಲ, ಹಲ್ಲಿನ ಗುರುತೂ ಇಲ್ಲ. ಕಂಡವರು ಕಂಡದ್ದು ಇಲಿಯೋ, ಬರೀ ನೆರಳೋ. ಅದಕ್ಕೂ ಹಿಂದೆ ಒಂದು ನಿಜವಾದ ಇಲಿ ಸರಕಿನ ದೋಣಿಯಿಂದ ಇಳಿದು, ಸುಮಾರು ಒಂದು ವರ್ಷ ಎಲ್ಲರ ಕಣ್ಣು ತಪ್ಪಿಸಿ ಓಡಾಡಿ, 2019ರಲ್ಲಿ ಸತ್ತು ಸಿಕ್ಕಿತ್ತು. ಹೆಸರು ಬೇಕಿದ್ದರೆ ನೀನೇ ಇಡು.

ನಿನ್ನ ಚಿತ್ರ ಚೆನ್ನಾಗಿದೆ. ಹಡಗಿಗೆ ನಾಲ್ಕು ಹೊಗೆಕೊಳವೆ ಸ್ವಲ್ಪ ಹೆಚ್ಚಾಯಿತು, ಇರಲಿ. ಇಲಿ ಹಗ್ಗದ ಮೇಲೆ ದಡಕ್ಕೆ ಓಡುತ್ತಿದೆ, ಆದರೆ ಹಗ್ಗದ ಮೇಲೆ ತಟ್ಟೆ ಇಲ್ಲ. ನಾನು ಪೆನ್ಸಿಲಿನಲ್ಲಿ ಒಂದನ್ನು ಬರೆದು, ಸಂದಿಗೆ ಗೋಣಿಬಟ್ಟೆಯನ್ನೂ ತುರುಕಿದ್ದೇನೆ. ಸಿಟ್ಟಾಗಬೇಡ.